ಎರಡು ಭಾಗಶಃ

ಅವಳು ತೀರಿಕೊಂಡ ಸುದ್ದಿಯನ್ನು ಫೋನು ಮಾಡಿ ಹೇಳಿದವರು ನಮ್ಮ ಕಾಲೇಜಿನ ಗಣಿತದ ಮಾಸ್ತರರು. ಆ ಹೊತ್ತಿಗೆ ನಾವಿಬ್ಬರೂ ನಿವೃತ್ತರಾಗಿದ್ದೆವು.

"ನಮ್ಮ ಹುಡುಗಿ ಹೋತ್ರಿ," ಅಂದರು.

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರಿಗೂ ಸೇರಿ ಇದ್ದ ವಿದ್ಯಾರ್ಥಿನಿ ಅವಳೊಬ್ಬಳೇ. "ಹುಬ್ಬಳ್ಳಿ ದವಾಖಾನ್ಯಾಗ, ಮುಂಜಾನೆ. ಲಕ್ಷ್ಮೇಶ್ವರಕ್ಕ ತಗೊಂಡು ಹೊಂಟಾರಂತ. ಬಸ್ ಸ್ಟ್ಯಾಂಡಿಗೆ ಬರ್ರಿ, ಕೂಡಿ ಹೋಗೂಣು," ಅಂದು ಫೋನಿಟ್ಟರು. ಗದಗಿನಿಂದ ಮುಳಗುಂದದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ನಾವು ಮುಟ್ಟುವಷ್ಟರಲ್ಲಿ ದಫನ್ ಮುಗಿದು ಜನ ಖಬರಸ್ತಾನದಿಂದ ತಿರುಗಿ ಬರುತ್ತಿದ್ದರು.

ಅವಳನ್ನು ನಾನು ಮೊದಲು ಕಂಡಾಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಅಂಗಡಿಗಳ ಬೋರ್ಡುಗಳಲ್ಲಿ 'ಜಿ. ಧಾರವಾಡ' ಎಂಬುದನ್ನು ಇನ್ನೂ ಪೂರ್ತಿ ಅಳಿಸಿರಲಿಲ್ಲ. ಆ ವರ್ಷ ಅವಳು ನಮ್ಮ ಕಾಲೇಜಿಗೆ ಬಿ.ಎಸ್ಸಿ. ಮೊದಲ ವರ್ಷಕ್ಕೆ ಬಂದಳು. ಲಕ್ಷ್ಮೇಶ್ವರದವಳು, ಮನೆಯಲ್ಲೂ ಕನ್ನಡವನ್ನೇ ಆಡುವ ಮುಸಲ್ಮಾನ ಕುಟುಂಬ. ಅಪ್ಪ, ಅಣ್ಣ ಗಾದಿ ಹೊಲಿಯುವವರು. ದಿನಾ ಬಸ್ಸಿಗೆ ಬಂದುಹೋಗಿ ಮಾಡುತ್ತಿದ್ದಳು. ಒಮ್ಮೊಮ್ಮೆ ದುಪಟ್ಟಾದ ಅಂಚಿಗೆ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಸಣ್ಣ ಕಾಯದ, ಬಿರಬಿರನೆ ನಡೆಯುವ ಹುಡುಗಿ. ಯೋಚಿಸುವಾಗ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಉತ್ತರ ಬಾರದಿದ್ದರೆ "ಗೊತ್ತಿಲ್ರಿ" ಅನ್ನುವಳು, ಯಾರೋ ತನಗೆ ಏನೋ ಕೊಟ್ಟರೇನೋ ಎಂಬಷ್ಟು ಹಿಗ್ಗಿನಿಂದ. ನಮ್ಮ ಕಾಲೇಜಿನಲ್ಲಿ ಗೊತ್ತಿಲ್ಲ ಎನ್ನುವ ರೂಢಿ ಹುಡುಗರಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಪ್ಪೆಯ ಹೃದಯವನ್ನು ಬೇರೆ ಬೇರೆ ಬಿಸಿಯ ದ್ರಾವಣದಲ್ಲಿಟ್ಟು ಬಡಿತ ಎಣಿಸುವ ಪ್ರಯೋಗ ನಡೆದಿತ್ತು. ಎಲ್ಲರೂ ಎಣಿಸಿ, ಬರೆದು, ಸಹಿ ಹಾಕಿಸಿಕೊಂಡು ಹೋದರು. ಇವಳು ನಿಂತಿದ್ದಳು.

"ಸರ, ಬೆಚ್ಚಗಾದಂಗ ಬಡಿತ ಜಾಸ್ತಿ ಆತು. ಎಷ್ಟು ಬೆಚ್ಚಗಾದ್ರ ಎಷ್ಟು ಜಾಸ್ತಿ? ಅದಕ್ಕೊಂದು ಲೆಕ್ಕ ಇರಬೇಕಲ್ರಿ?"

"ಲೆಕ್ಕ ಬೇಕಾದ್ರ ಗಣಿತದವರನ್ನ ಕೇಳ್ಹೋಗು," ಅಂದೆ. ನಾನು ಗದರಿಸಿದ್ದು. ಅವಳು ಅದನ್ನು ಅಪ್ಪಣೆ ಅಂದುಕೊಂಡಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಗಣಿತದ ಮಾಸ್ತರರಿಗೂ ನನಗೂ ಆಗ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ. ವೇಳಾಪಟ್ಟಿ ಹಾಕುವ ಸಭೆಯಲ್ಲಿ ಅವರು, "ಕಪ್ಪಿ ಕೊಯ್ಯಾಕ ಎರಡು ತಾಸು ಎದಕ ಬೇಕ್ರಿ?" ಎಂದು ಎಲ್ಲರೆದುರು ನಕ್ಕಿದ್ದರು. ನಾನು, "ಖಡು ಸವೆಸಾಕ ಒಂದು ತಾಸರ ಎದಕ ಬೇಕು?" ಅಂದಿದ್ದೆ. ಖಡು ಅಂದರೆ ನಮ್ಮ ಕಡೆ ಸೀಮೆಸುಣ್ಣ. ಅಷ್ಟೇ. ಆಮೇಲೆ ಒಂದೇ ಪಡಸಾಲೆಯ ಎರಡು ತುದಿಯಲ್ಲಿ, ಎದುರು ಬಂದರೆ ಗೋಡೆ ನೋಡುತ್ತ, ಕೆಲಸ ಮಾಡಿದೆವು.

ಅವಳಿಗೆ ಅದು ತಿಳಿದಿರಲಿಲ್ಲ. ಮಾರನೆಯ ದಿನ ಗ್ರಾಫ್ ಹಾಳೆ ಹಿಡಿದು ಬಂದಳು. "ಗಣಿತದ ಸರ್ ಕೇಳ್ಯಾರ್ರಿ, ಬೆಚ್ಚಗ ಮಾಡ್ಕೋತ ಹೋದ್ರ ಬಡಿತ ಏರ್ಕೋತನ ಹೋಗ್ತೈತೋ, ಎಲ್ಯಾರ ನಿಂದರತೈತೋ ಅಂತ."

ಒಳ್ಳೆಯ ಪ್ರಶ್ನೆ. ಉತ್ತರ ಹೇಳಿ ಕಳಿಸಿದೆ. ಅದಕ್ಕೆ ಅವರಿಂದ ಇನ್ನೊಂದು ಪ್ರಶ್ನೆ ಬಂತು. ಮೂರು ವರ್ಷ ಅವಳು ಆ ಪಡಸಾಲೆಯಲ್ಲಿ ಹೀಗೆ ಓಡಾಡಿದಳು. ಜೀವಶಾಸ್ತ್ರದವರಿಗೆ ಗಣಿತದ ತರಗತಿ ಇರಲಿಲ್ಲ. ಆದರೂ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ನಾವಿಬ್ಬರು ಮಾತಾಡುವುದಿಲ್ಲ ಎಂದು ಅವಳಿಗೆ ಯಾವಾಗ ತಿಳಿಯಿತೋ ಕಾಣೆ. ತಿಳಿದ ಮೇಲೂ ಓಡಾಟ ನಿಲ್ಲಿಸಲಿಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ದೂರದ ಒಂದು ದೊಡ್ಡ ಸಂಸ್ಥೆಗೆ ಡಾಕ್ಟರೇಟಿಗೆ ಸೇರಿದಳು. ಅಲ್ಲಿ ಹೊಸದಾಗಿ ಸಿಸ್ಟಮ್ಸ್ ಬಯಾಲಜಿ ಎಂಬ ವಿಷಯ ಶುರುವಾಗಿತ್ತು. ದೇಹದ ಭಾಗಗಳನ್ನು ಬಿಡಿಬಿಡಿಯಾಗಿ ನೋಡದೆ, ಒಂದು ಇನ್ನೊಂದನ್ನು ಹೇಗೆ ಹಿಡಿತದಲ್ಲಿಡುತ್ತದೆ ಎಂಬುದನ್ನು ಪ್ರಯೋಗದಿಂದಲೂ ಗಣಿತದಿಂದಲೂ ಒಟ್ಟಿಗೆ ತಿಳಿಯುವ ಶಾಸ್ತ್ರ. ಜೀವಶಾಸ್ತ್ರ, ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಮೊದಲ ವರ್ಷ ಒಬ್ಬರ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸುತ್ತಿದ್ದರಂತೆ. ನನಗೆ ಬರೆದ ಪತ್ರದಲ್ಲಿ ಒಂದು ಸಾಲಿತ್ತು: "ಇಲ್ಲಿ ಎಲ್ಲಾರೂ ಪಾಳಿ ಪ್ರಕಾರ ದಡ್ಡರಾಗ್ತೀವ್ರಿ ಸರ." ಭೌತಶಾಸ್ತ್ರದ ಹುಡುಗನೊಬ್ಬ ಮೊದಲ ಸಲ ಇಲಿಯ ರಕ್ತ ಕಂಡು ಬವಳಿ ಬಂದು ಬಿದ್ದನಂತೆ. ಇವಳು ಮುಖಕ್ಕೆ ನೀರು ಹೊಡೆದು ಎಬ್ಬಿಸಿದಳು. ಅವನು ಅದರ ಋಣಕ್ಕೆ ವರ್ಷವಿಡೀ ಅವಳಿಗೆ ಸಮೀಕರಣ ಬಿಡಿಸುವುದನ್ನು ಕಲಿಸಿದ. ಅವಳಿಗೆ ಇಬ್ಬರು ಮಾರ್ಗದರ್ಶಕರು, ಒಬ್ಬರು ಪ್ರಯೋಗಶಾಲೆಯವರು, ಒಬ್ಬರು ಗಣಿತದವರು. ಒಬ್ಬರ ಮಾತು ಇನ್ನೊಬ್ಬರಿಗೆ ಸೇರುತ್ತಿರಲಿಲ್ಲ. "ಅದೇನ್ ತ್ರಾಸ್ ಇಲ್ರಿ, ನನಗ ರೂಢಿ ಐತಿ," ಎಂದು ಬರೆದಿದ್ದಳು. ಓದಿ ನಾಚಿಕೆಯಾಯಿತು.

ಅವಳು ಆರಿಸಿಕೊಂಡದ್ದು ಕಬ್ಬಿಣದ ವಿಷಯ, ರಕ್ತದಲ್ಲಿರುವ ಕಬ್ಬಿಣ. ನಮ್ಮ ಕಾಲೇಜಿನ ಹಾಸ್ಟೆಲ್ಲಿನ ಹುಡುಗಿಯರು ವರ್ಷಾನುಗಟ್ಟಲೆ ಕಬ್ಬಿಣದ ಗುಳಿಗೆ ನುಂಗಿಯೂ ಬಿಳಿಚಿಕೊಂಡೇ ಇರುತ್ತಿದ್ದರು. ಬಿ.ಎಸ್ಸಿ.ಯಲ್ಲಿದ್ದಾಗಲೇ ಗೆಳತಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವ ಚಟ ಇವಳಿಗಿತ್ತು. ಗುಳಿಗೆ ಯಾಕೆ ಎಲ್ಲರಿಗೂ ಹತ್ತುವುದಿಲ್ಲ ಎಂಬುದೇ ಅವಳ ಪ್ರಶ್ನೆ. ಏಳು ವರ್ಷ ಅದರ ಹಿಂದೆ ಬಿದ್ದು ಡಾಕ್ಟರೇಟು ಮುಗಿಸಿ ಊರಿಗೆ ಬಂದಳು. ಅಲ್ಲೇ ಉಳಿಯಬಹುದಿತ್ತಲ್ಲ ಎಂದರೆ, "ಪ್ರಶ್ನಿ ಇಲ್ಲಿಂದ ತಗೊಂಡು ಹೋಗಿದ್ನಲ್ರಿ, ಉತ್ತರ ಅಲ್ಲೇ ಬಿಟ್ಟು ಕುಂಡ್ರೂದು ಹೆಂಗ?" ಅಂದಳು.

ಆಗ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಒಂದು ಹುದ್ದೆ ಖಾಲಿಯಿತ್ತು. ಅವಳು ಅರ್ಜಿ ಹಾಕಿದಳು. ಕರೆದ ಹುದ್ದೆಯ ವಿಷಯಪಟ್ಟಿಯಲ್ಲಿ ಅವಳ ಪದವಿಯ ಹೆಸರಿರಲಿಲ್ಲ. ಇದು ಪ್ರಾಣಿಶಾಸ್ತ್ರವೋ, ಗಣಿತವೋ, ಮತ್ತೇನೋ ಎಂದು ಆಡಳಿತ ಮಂಡಳಿ ತಲೆ ಕೆಡಿಸಿಕೊಂಡಿತು. ಪ್ರಿನ್ಸಿಪಾಲರು ನನ್ನನ್ನೂ ಗಣಿತದವರನ್ನೂ ಬೇರೆ ಬೇರೆ ಕರೆಸಿ, "ನಿಮ್ಮ ವಿದ್ಯಾರ್ಥಿನಿ. ಅಕಿ ಪ್ರಬಂಧ ನೋಡಿ, ನಿಮ್ಮ ವಿಷಯಕ್ಕ ಬರತೈತೋ ಇಲ್ಲೋ ಬರದು ಕೊಡ್ರಿ," ಎಂದರು.

ದಪ್ಪ ಪ್ರಬಂಧ. ನಾಲ್ಕು ದಿನ ನನ್ನ ಮೇಜಿನ ಮೇಲಿತ್ತು. ಮೊದಲ ಅಧ್ಯಾಯ ಸಲೀಸಾಗಿ ಓದಿಸಿಕೊಂಡಿತು: ಕರುಳು, ಯಕೃತ್ತು, ರಕ್ತ, ಎಲುಬಿನ ಮಜ್ಜೆ, ಎಲ್ಲ ನನಗೆ ಪರಿಚಿತ. ಎರಡನೆಯ ಅಧ್ಯಾಯದಲ್ಲಿ ಸಮೀಕರಣಗಳು ಶುರುವಾದವು. ಇಪ್ಪತ್ತೆರಡನೆಯ ಪುಟದಲ್ಲಿ ನಿಂತೆ. ಅಲ್ಲೊಂದು ಕಾಗದದ ಚೀಟಿ ಇಟ್ಟು ಮುಚ್ಚಿದೆ. ನಾಳೆ ನೋಡೋಣ ಅಂದುಕೊಂಡೆ. ಮರುದಿನವೂ ತೆರೆಯಲಿಲ್ಲ. ಅವಳನ್ನು ಕರೆದು, "ಇದೇನವಾ, ಒಂಚೂರು ಬಿಡಿಸಿ ಹೇಳು," ಎಂದಿದ್ದರೆ ಒಂದು ತಾಸಿನಲ್ಲಿ ಹೇಳುತ್ತಿದ್ದಳು. ನಾನು ಕಲಿಸಿದ ಹುಡುಗಿಯನ್ನು ನಾನು ಕೇಳಬೇಕೆ? ಡಾಕ್ಟರೇಟು ಅವಳಿಗಿತ್ತು, ನನಗಿರಲಿಲ್ಲ. ಅದೂ ಒಳಗೆಲ್ಲೋ ಚುಚ್ಚಿರಬೇಕು. ಐದನೆಯ ದಿನ ಬರೆದುಕೊಟ್ಟೆ: "ಸದರಿ ಪ್ರಬಂಧದಲ್ಲಿ ಪ್ರಾಣಿಶಾಸ್ತ್ರದ ಅಂಶಗಳು ಭಾಗಶಃ ಇವೆ."

ಸುಳ್ಳಲ್ಲ. ಅದೇ ಧೈರ್ಯದಲ್ಲಿ ಸಹಿ ಹಾಕಿದೆ. ಗಣಿತದವರೂ, ನನ್ನನ್ನು ಕೇಳದೆ, ನನ್ನದನ್ನು ನೋಡದೆ, "ಗಣಿತದ ಅಂಶಗಳು ಭಾಗಶಃ ಇವೆ" ಎಂದೇ ಬರೆದಿದ್ದರು. ಹುದ್ದೆ ಮೀನುಗಳ ಮೇಲೆ ಸಂಶೋಧನೆ ಮಾಡಿದ ಒಬ್ಬ ಸಂಭಾವಿತರಿಗೆ ಹೋಯಿತು.

ಆಫೀಸಿನಲ್ಲಿ ಕಡತ ನೋಡಿಕೊಂಡು ಅವಳು ನೇರ ನನ್ನ ಕೋಣೆಗೆ ಬಂದಳು. ಮುಖದಲ್ಲಿ ನಗೆಯಿತ್ತು.

"ಸರ, ಅವರೂ ಭಾಗಶಃ ಅಂದಾರ, ನೀವೂ ಭಾಗಶಃ ಅಂದೀರಿ. ಎರಡು ಭಾಗಶಃ ಕೂಡಿದ್ರ ಒಂದು ಪೂರ್ತಿ ಆಗಬೇಕಲ್ರಿ?"

"ನಿಯಮ ಹಂಗ ಐತವಾ. ನಾವೇನ್ ಮಾಡಾಕ ಬರತೈತಿ," ಅಂದೆ.

"ಹೌದ್ರಿ," ಅಂದಳು. ಪ್ರಬಂಧದ ಪ್ರತಿ ವಾಪಸು ಬೇಕು ಎಂದು ಕೇಳಿದಳು. ತೆಗೆದುಕೊಟ್ಟೆ. ಕೈಗೆ ಬಂದೊಡನೆ ಅದು ಚೀಟಿ ಇದ್ದಲ್ಲಿ ತೆರೆದುಕೊಂಡಿತು. ಅವಳು ಆ ಪುಟವನ್ನು ಒಂದು ಗಳಿಗೆ ನೋಡಿದಳು. ಚೀಟಿಯನ್ನು ತೆಗೆದು, ಸುಕ್ಕು ಬಿಡಿಸಿ, ನನ್ನ ಮೇಜಿನ ಮೇಲಿಟ್ಟು, "ಬರ್ತೀನ್ರಿ ಸರ," ಎಂದು ಹೋದಳು. ಅವಳು ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ.

ಅಲ್ಲಿಂದ ಕೊನೆಯವರೆಗೆ ಅವಳು ಅತಿಥಿ ಉಪನ್ಯಾಸಕಿ. ಗದಗಿನಲ್ಲಿ ಎರಡು ದಿನ, ಶಿರಹಟ್ಟಿಯಲ್ಲಿ ಎರಡು ದಿನ, ಮುಂಡರಗಿಯಲ್ಲಿ ಎರಡು ದಿನ. ಒಂದು ಕಡೆ ಪ್ರಾಣಿಶಾಸ್ತ್ರ, ಒಂದು ಕಡೆ ಸಂಖ್ಯಾಶಾಸ್ತ್ರ, ಇನ್ನೊಂದು ಕಡೆ ಅವರಿಗೆ ಯಾವುದು ಕಡಿಮೆ ಬಿದ್ದಿತೋ ಅದು. ಹಾಸ್ಟೆಲ್ಲಿನ ಹುಡುಗಿಯರ ರಕ್ತ ಪರೀಕ್ಷೆ ಮಾಡಿ ತನ್ನ ಪ್ರಶ್ನೆಯನ್ನು ಮುಂದುವರಿಸಬೇಕೆಂದು ಅನುಮತಿ ಕೇಳಿದಳು. ಅತಿಥಿ ಉಪನ್ಯಾಸಕರು ಸಂಶೋಧನಾ ಯೋಜನೆ ನಡೆಸುವಂತಿಲ್ಲ ಎಂಬ ಉತ್ತರ ಬಂತು. ಮತ್ತೆ ಕೇಳಿದಳು. ಅದೇ ಉತ್ತರ.

ಆಗ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ, ಒಂದು ಮಾಳಿಗೆಯ ಕೋಣೆ ಹಿಡಿದು ಐತವಾರದ ಪಾಠ ಶುರು ಮಾಡಿದಳು. ಸಂಶೋಧನೆಗೆ ಹೋಗಬೇಕೆನ್ನುವ ನಾಲ್ಕಾರು ಹುಡುಗ ಹುಡುಗಿಯರು ಬರುತ್ತಿದ್ದರು. ತಾನು ಡಾಕ್ಟರೇಟಿನಲ್ಲಿ ಕಲಿತ ರೀತಿಯಲ್ಲೇ ಕಲಿಸುತ್ತಿದ್ದಳು. ಗಣಿತ ಓದಿದವನು ಎದ್ದು ನಿಂತು ಯಕೃತ್ತಿನ ಕೆಲಸ ಹೇಳಬೇಕು. ಜೀವಶಾಸ್ತ್ರದವಳು ಸಮೀಕರಣ ಬಿಡಿಸಬೇಕು. "ನಿಂದು ನೀ ಹೇಳಬ್ಯಾಡ. ಅದು ನಿನಗ ಬರತೈತಿ. ಅಂವಂದು ಹೇಳು," ಅನ್ನುವಳು. ಒಮ್ಮೆ ಎಲ್ಲರನ್ನೂ ಬಿಂಕದಕಟ್ಟಿಯ ಮೃಗಾಲಯಕ್ಕೆ ಕರೆದೊಯ್ದು, ಗಣಿತದ ಹುಡುಗರನ್ನು ಜಿಂಕೆಗಳ ಬೇಲಿಯ ಮುಂದೆ ಒಂದು ತಾಸು ನಿಲ್ಲಿಸಿದಳಂತೆ. ಪೆನ್ನು ಮುಟ್ಟುವ ಹಾಗಿಲ್ಲ, ಬರೀ ನೋಡಬೇಕು. ಒಬ್ಬ ಬೇಸತ್ತು, "ಏನ್ ನೋಡೂದ್ರಿ ಮೇಡಂ, ತಿನ್ನಾಕತ್ತಾವ," ಅಂದ. "ಎಲ್ಲಾ ಒಮ್ಮೆಲೇ ತಿನ್ನಾಕತ್ತಾವೇನು?" ಎಂದು ಕೇಳಿದಳು. ಅವನು ಮತ್ತೆ ನೋಡಿದ. ಒಂದು ಯಾವಾಗಲೂ ತಲೆಯೆತ್ತಿ ಕಾಯುತ್ತ ನಿಂತಿತ್ತು. ಅದು ಬಗ್ಗಿದರೆ ಇನ್ನೊಂದು ಏಳುತ್ತಿತ್ತು. ಆ ಹುಡುಗ ಮುಂದಿನ ವಾರ ಅದಕ್ಕೆ ತಾನೇ ಸಮೀಕರಣ ಬರೆದು ತಂದನಂತೆ.

ನನ್ನನ್ನೂ ಕರೆದಳು. ಯಾಕೆ ಕರೆದಳು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. "ಮುಂದಿನ ಐತವಾರ ಬರ್ರಿ ಸರ, ಹುಡುಗ್ರಿಗೆ ನಿಮ್ಮ ಪರಿಚಯ ಆಗ್ಲಿ," ಅಂದಳು. ಹೋದೆ. ಮಾಳಿಗೆ ಏರಿದರೆ ಗಣಿತದ ಮಾಸ್ತರರು ಚಾಪೆಯ ಮೇಲೆ ಕೂತಿದ್ದಾರೆ. ತಿರುಗಿ ಹೋಗಲು ಆಗದಂತೆ ಅವಳು ಬಾಗಿಲಲ್ಲೇ ನಿಂತಿದ್ದಳು.

ಪಕ್ಕದ ಮನೆಯಲ್ಲಿ ಮಗ್ಗದ ಸದ್ದು. ಗಣಿತದ ಮಾಸ್ತರರಿಗೆ ಕಪ್ಪೆಯ ಹೃದಯ ವಿವರಿಸಲು ಹೇಳಿದಳು; ನನಗೆ, ಬಡಿತ ಹೇಗೆ ಏರುತ್ತದೆ ಎಂಬುದರ ಸಮೀಕರಣ. ನನ್ನ ಆ ವಯಸ್ಸಿನಲ್ಲಿ, ಹುಡುಗರ ಮುಂದೆ. ಕರೆದ ದಿನವೇ ಅದನ್ನು ಬರೆದುಕೊಟ್ಟಿದ್ದಳು, ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬರೆದೆ. ಮೂರನೆಯ ಸಾಲಿನಲ್ಲಿ ಎಲ್ಲ ತಿರುವುಮುರುವಾಗಿ ಕೈ ನಿಂತಿತು. ಯಾರೂ ನಗಲಿಲ್ಲ. ಅವಳು ಸಹಾಯಕ್ಕೆ ಬರಲಿಲ್ಲ; ಬೆರಳಿನ ಗೆಣ್ಣು ಒತ್ತುತ್ತ ಕೂತಿದ್ದಳು. ಗಣಿತದ ಮಾಸ್ತರರು ಎದ್ದು ಬಂದು, ನನ್ನ ಕೈಯಿಂದ ಖಡು ತೆಗೆದುಕೊಂಡು, ಒಂದು ಕಡೆ ಅಡ್ಡಗೆರೆಗೆ ಉದ್ದಗೆರೆ ಸೇರಿಸಿದರು.

"ಇಲ್ಲಿ ಮೈನಸ್ ಅಲ್ರಿ, ಪ್ಲಸ್," ಅಂದರು.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಕಾಲದಲ್ಲಿ ಅವರು ನನಗಾಡಿದ ಮೊದಲ ಮಾತು. "ಹೌದಲ್ಲ," ಅಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹುಡುಗರಿಗೆ ಏನೂ ಅರ್ಥವಾಗಲಿಲ್ಲ.

ಆಮೇಲೆ ಪ್ರತಿ ಐತವಾರ ಹೋದೆ. ಅವಳ ಪ್ರಬಂಧವನ್ನು ಅಲ್ಲಿಯೇ, ಹುಡುಗರ ನಡುವೆ ಕೂತು, ಪುಟ ಪುಟವಾಗಿ ಓದಿದೆ. ಇಪ್ಪತ್ತೆರಡನೆಯ ಪುಟದಾಚೆ ಇದ್ದದ್ದು ನಾನು ಮೂವತ್ತು ವರ್ಷ ಕಲಿಸಿದ ಪ್ರಾಣಿಶಾಸ್ತ್ರವೇ. ಅದು ಜೀವಂತವಾಗಿ ಎದ್ದು ಕೂತಿತ್ತು. ನಾನೂ ಗಣಿತದವರೂ ಸೇರಿ ಮಂಡಳಿಗೆ ಒಂದು ಪತ್ರ ಬರೆದೆವು: ಇದು ಪೂರ್ತಿ ಪ್ರಾಣಿಶಾಸ್ತ್ರ, ನಮ್ಮ ಹಿಂದಿನ ಅಭಿಪ್ರಾಯ ತಪ್ಪು. ಅಷ್ಟರಲ್ಲಿ ಇಬ್ಬರೂ ನಿವೃತ್ತರಾಗಿದ್ದೆವು, ಹುದ್ದೆಗಳಿರಲಿಲ್ಲ, ಅವಳ ವಯೋಮಿತಿ ದಾಟಿತ್ತು. ಪತ್ರ ಮುಟ್ಟಿದೆ ಎಂಬ ಉತ್ತರವೂ ಬರಲಿಲ್ಲ. ಬರೆದದ್ದನ್ನು ಅವಳಿಗೆ ಹೇಳಿದಾಗ, "ಇರ್ಲಿ ಬಿಡ್ರಿ ಸರ," ಎಂದು ನನಗೇ ಸಮಾಧಾನ ಹೇಳಿದಳು.

ಅವಳ ಪಾಠಕ್ಕೆ ಬರುತ್ತಿದ್ದ ಮುಂಡರಗಿಯ ಹುಡುಗಿಯೊಬ್ಬಳು ಅಂಥದೇ ಡಾಕ್ಟರೇಟಿಗೆ ಆಯ್ಕೆಯಾದಳು. ಆ ದಿನ ಇವಳು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಿದ್ದಳು. ತಿಂದು ಮುಗಿದ ಮೇಲೆ ಹುಡುಗಿಯನ್ನು ಎದುರು ಕೂರಿಸಿಕೊಂಡು, ಮುಂದೆ ಕೆಲಸ ಕೇಳುವಾಗ ಏನೇನಾಗಬಹುದು, ಪದವಿಯ ಹೆಸರನ್ನು ಎಲ್ಲೆಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು ಎಂದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಹುಡುಗಿ ಕೇಳಿದಳು: "ಮೇಡಂ, ನೀವು ಹೋಗಿದ್ದಕ್ಕ ಈಗ ಕೆಟ್ಟ ಅನಿಸ್ತೈತೇನ್ರಿ?"

ಅವಳು ಹೇಳಿದಳು: "ಇಲ್ಲ. ಅಲ್ಲಿ ಏಳು ವರ್ಷ ನಾ ಖರೇನ ಬದುಕಿದ್ನಿ. ಉಳಿದದ್ದು ಬಸ್ಸಿನಾಗ ಹೋತು."

ನಾವಿಬ್ಬರು ಮುದುಕರು ಗೋಡೆಗೆ ಆತು ಕೂತಿದ್ದೆವು. ನಾವಿದ್ದುದು ಅವಳಿಗೆ ಮರೆತಿತ್ತೋ, ನೆನಪಿತ್ತೋ.

ಮರುವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮುಂಡರಗಿಯಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. "ಇವತ್ತೊಂದಿನ, ಹುಡುಗ್ರ ಪರೀಕ್ಷಾ ಮುಗೀಲಿ," ಎಂದು ಮೂರು ದಿನ ಗುಳಿಗೆ ನುಂಗಿ ಓಡಾಡಿದಳಂತೆ. ನಾಲ್ಕನೆಯ ದಿನ ಬಸ್ಸಿನಿಂದ ಇಳಿಯುವಾಗ ಕುಸಿದಳು. ಡೆಂಗಿ. ಹುಬ್ಬಳ್ಳಿಗೆ ಒಯ್ದರು. ಎರಡು ದಿನವಿದ್ದಳು. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಬರಬೇಕೆಂದು ಅವಳ ಅಣ್ಣ ಹೇಳಿಕಳಿಸಿದ್ದ. ಗಣಿತದವರಿಗೆ ಮೊಣಕಾಲು ನೋವು. ನಾನೊಬ್ಬನೇ ಲಕ್ಷ್ಮೇಶ್ವರಕ್ಕೆ ಹೋದೆ. ಅವಳ ಅಪ್ಪ ತಮ್ಮ ಗಾದಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಜಾಗ ಮಾಡಿ ಕೂರಿಸಿಕೊಂಡರು. ಬಂದವರು ಊಟಕ್ಕೆ ಒಳಗೆ ಹೋಗಿದ್ದರು. ಸ್ವಲ್ಪ ಹೊತ್ತು ಅವರ ಊರಿನ ಮಳೆ, ನನ್ನ ಮೊಮ್ಮಕ್ಕಳು, ಹೀಗೆ ಮಾತಾಯಿತು. ಆಮೇಲೆ ಕೇಳಿದರು:

"ಸರ, ನಮ್ಮ ಹುಡುಗಿ ಓದಿದ್ದು ಏನ್ರಿ? ಡಾಕ್ಟರ್ ಅಂತ ಹೇಳಿದ್ರ ಮಂದಿ ಜಡ್ಡಾದ ಕೂಸುಗಳನ್ನ ಕರ್ಕೊಂಡು ಬರತಿದ್ರು. ನೀವು ಕಲಿಸಿದವರು, ಹೇಳ್ರಿ."

ನಾನು ಅಲ್ಲಿಯ ಮಾತಿನಲ್ಲೇ ಹೇಳಿದೆ. "ಮೈಯಾಗ ರಕ್ತ ಕಮ್ಮಿ ಆದವರಿಗೆ ಕಬ್ಬಿಣದ ಗುಳಿಗಿ ಕೊಡ್ತಾರ್ರಿ. ಆದ್ರ ಮೈಯಾಗ ಎಲ್ಯಾರ ಒಂದು ಬ್ಯಾನಿ ಕುಂತಿತ್ತಂದ್ರ, ನಮ್ಮ ಯಕೃತ್ತು ಕಬ್ಬಿಣದ ಹಾದಿ ಬಂದ್ ಮಾಡ್ತೈತಿ. ಯಾಕಂದ್ರ ಆ ಬ್ಯಾನಿ ಹುಳಕ್ಕೂ ಬದುಕಾಕ ಕಬ್ಬಿಣ ಬೇಕು. ಅದಕ್ಕ ಸಿಗಬಾರದು ಅಂತ ತನ್ನ ರಕ್ತಕ್ಕೂ ಕೊಡಂಗಿಲ್ಲ. ಹಿಂಗಾಗಿ ಎಷ್ಟು ಗುಳಿಗಿ ನುಂಗಿದ್ರೂ ಅಂಥವರು ಬೆಳ್ಳಗ ಇರತಾರ. ಕರಳು, ಯಕೃತ್ತು, ರಕ್ತ, ಎಲುಬು, ಇವೆಲ್ಲಾ ಒಂದಕ್ಕೊಂದು ಎಷ್ಟೊತ್ತಿಗೆ ಏನು ಹೇಳ್ತಾವ, ಯಾವಾಗ ಹಾದಿ ಬಿಡ್ತಾವ, ಯಾವಾಗ ಕಟ್ತಾವ, ಅದನ್ನ ಅಕಿ ಲೆಕ್ಕ ಹಾಕಿ ತೋರಿಸಿದ್ಲು. ಯಾರಿಗೆ ಗುಳಿಗಿ ಕೊಡಬೇಕು, ಯಾರಿಗೆ ಮೊದಲು ಬ್ಯಾನಿ ವಾಸಿ ಮಾಡಬೇಕು ಅಂತ ಅದರಿಂದ ತಿಳೀತೈತಿ. ಅದನ್ನ ಓದಿದ್ಲು ನಿಮ್ಮ ಮಗಳು."

ಅವರು ತಲೆಯಾಡಿಸುತ್ತ ಪೂರ್ತಿ ಕೇಳಿದರು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅವರಿಗೆ ಇದು ಹೊಸದಲ್ಲ ಎಂದು ಆಗ ನನಗೆ ಹೊಳೆಯಿತು. ಮಗಳು ಇದೇ ಕಟ್ಟೆಯ ಮೇಲೆ ಎಷ್ಟೋ ಸಲ ಹೇಳಿರಬೇಕು.

"ಹೌದ್ರಿ, ಅಕಿನೂ ಹಿಂಗ ಹೇಳ್ತಿದ್ಲು," ಅಂದರು. "ಇಷ್ಟು ಚಂದ ಹೇಳ್ತೀರಿ ಸರ. ಅವತ್ತ ಇದನ್ನ ಬರದು ಕೊಟ್ಟಿದ್ರ ಆಗ್ತಿತ್ತಲ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಉತ್ತರ ಹುಡುಕಬಹುದಿತ್ತು. ಒಳಗಿನಿಂದ ಅವಳ ಅಮ್ಮನ ದನಿ ಬಂತು: "ಮಾಸ್ತರ್ನ ಹಂಗ ಕುಂಡ್ರಿಸಿರೇನು? ಒಳಗ ಕರಿರಿ, ಊಟ ಆರತೈತಿ." ಅವರು ಎದ್ದು, ಏಳಲು ನನಗೆ ಕೈ ಕೊಟ್ಟರು. ಒಳಗೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ನನ್ನ ತಟ್ಟೆಗೆ ತಾವೇ ಬಡಿಸಿದರು. ನಾನು ಉಂಡೆ.